ಸಂಚಿಯೊಳಗಿನ ಫೋನು

ಪೋರೂರು, ಚೆನ್ನೈ, ಡಿಸೆಂಬರ್ 16, 2024, ಸೋಮವಾರ

ಧನುರ್ಮಾಸ ಶುರುವಾಯಿತು. ಬೆಳಕು ಹರಿಯುವ ಮೊದಲೇ ಹುಗ್ಗಿ ನೈವೇದ್ಯ ಮುಗಿಸಿ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಕೆಳಗೆ ಬೀದಿಯಲ್ಲಿ ಹೆಂಗಸರು ಮಾರ್ಗಳಿ ತಿಂಗಳ ಕೋಲಂ ರಂಗೋಲಿ ಇಡುತ್ತಿದ್ದರು. ಅವನ್ನು ತುಳಿಯದ ಹಾಗೆ ಅಂಚಿನಲ್ಲೇ ನಡೆದು ಬಂದೆವು.

ಕಳೆದ ವಾರದ ರಕ್ತ ಪರೀಕ್ಷೆಯಲ್ಲಿ ಅತ್ತೆಗೆ ಸಕ್ಕರೆ ಏರಿದೆ ಎಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಹೆಚ್ಚಿಸುವ ಮುಂಚೆ ಒಂದು ತಿಂಗಳು ನೋಡೋಣ ಎಂದಿದ್ದಾರೆ. ದಿನಕ್ಕೆ ಎಷ್ಟು ಹೆಜ್ಜೆ ನಡೆದರು ಎಂಬುದನ್ನು ಬರೆದಿಟ್ಟುಕೊಂಡು ಹೋಗಬೇಕು. ಆ ಕಾಗದ ನೋಡಿ ಮಾತ್ರೆ ತೀರ್ಮಾನವಾಗುವುದಾದರೆ ಅದರಲ್ಲಿ ಬರೆದದ್ದು ನಿಜವಾಗಿರಲೇಬೇಕು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ನನ್ನ ಗಂಡನ ಹಳೇ ಫೋನಿಗೆ ಹೆಜ್ಜೆ ಎಣಿಸುವ ಆಪ್ ಹಾಕಿ ಅತ್ತೆಗೆ ಕೊಟ್ಟಿದ್ದೆ. ಬೀದಿ ಸುತ್ತಿ ಬಂದರೂ ಅದರಲ್ಲಿ ಸೊನ್ನೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ಆಪ್‌ನ ಅನುಮತಿಗಳನ್ನು ನೋಡಿದೆ. ‘ದೈಹಿಕ ಚಟುವಟಿಕೆ’ ಎದುರಿಗೆ ನಿರಾಕರಿಸಲಾಗಿದೆ ಎಂದಿತ್ತು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಯಾವ ಆಪ್ ಆದರೂ ನಮ್ಮ ಹೆಜ್ಜೆ ಎಣಿಸುವ ಮೊದಲು ಈ ಒಪ್ಪಿಗೆ ಕೇಳಲೇಬೇಕು. ಕೇಳಿದೆ, ಅತ್ತೆ ಬೇಡ ಎಂದು ಒತ್ತಿದ್ದಾರೆ.

“ಫೋನು ಏನ್ ಕೇಳಿದ್ರೂ ಬೇಡ ಅನ್ನು ಅಜ್ಜಿ, ಇಲ್ಲದಿದ್ರೆ ದುಡ್ಡು ಹೋಗತ್ತೆ ಅಂತ ಮೊಮ್ಮಗ ಹೇಳಿದಾನಲ್ಲಮ್ಮ” ಎಂದರು.

ಮಗ ಹೇಳಿದ್ದು ಸರಿಯಾಗಿಯೇ ಇದೆ, ಅವರು ಪಾಲಿಸಿದ್ದೂ ಸರಿಯೇ. ಈ ಒಂದಕ್ಕೆ ಮಾತ್ರ ಹೂಂ ಅನ್ನಬೇಕು, ಮಿಕ್ಕಿದ್ದಕ್ಕೆಲ್ಲ ನಿಮ್ಮ ಪದ್ಧತಿಯೇ ಇರಲಿ ಎಂದು ಹೇಳಿ ಒಪ್ಪಿಗೆ ಕೊಡಿಸಿದೆ. ಹಜಾರದಿಂದ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅಂಕಿ ಓಡಲು ಶುರುವಾಯಿತು.

ಡಿಸೆಂಬರ್ 18, ಬುಧವಾರ

ಪರದೆ ಬೆಳಗುತ್ತಿರುವಷ್ಟು ಹೊತ್ತು ಲೆಕ್ಕ, ಲಾಕ್ ಆಯಿತೋ ಸ್ತಬ್ಧ. ನಿನ್ನೆ ಇಡೀ ದಿನ ಇದೇ ಆಯಿತು. ರಾತ್ರಿ ಕೂತು ನೋಡಿದೆ.

ನನಗೆ ತಿಳಿದ ಮಟ್ಟಿಗೆ ಅತ್ತೆಗೆ ಹೇಳಿದ್ದು ಇದು. ಎಣಿಸುವ ಕೆಲಸ ಮಾಡುವುದು ಆಪ್ ಅಲ್ಲ, ಫೋನಿನೊಳಗಿನ ಸೆನ್ಸರ್. 2013ರ ಆಂಡ್ರಾಯ್ಡ್ 4.4ರಿಂದ ಫೋನುಗಳಲ್ಲಿ ಇದಕ್ಕೆ ಪ್ರತ್ಯೇಕ ವ್ಯವಸ್ಥೆ ಬಂತು. ಬ್ಯಾಟರಿ ಹೆಚ್ಚು ತಿನ್ನದೆ ಅದು ತನ್ನ ಪಾಡಿಗೆ ಹೆಜ್ಜೆ ಕೂಡಿಸುತ್ತಿರುತ್ತದೆ. ಆಪ್ ಬಂದು ಆ ಮೊತ್ತವನ್ನು ಕೇಳಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಆದರೆ ಬ್ಯಾಟರಿ ಉಳಿಸುವ ಭರದಲ್ಲಿ ಫೋನು ಆಪನ್ನೇ ಮಲಗಿಸಿಬಿಟ್ಟರೆ ಬರೆದುಕೊಳ್ಳುವವರು ಯಾರು? ಬ್ಯಾಟರಿ ಎಂಬಲ್ಲಿ ಈ ಆಪ್‌ಗೆ ನಿರ್ಬಂಧವಿಲ್ಲ ಎಂದು ಆರಿಸಿದೆ, ಆಟೋಸ್ಟಾರ್ಟ್ ಆನ್ ಮಾಡಿದೆ. ಎಲ್ಲ ಆಪ್‌ಗಳನ್ನೂ ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸ ಅತ್ತೆಗಿದೆ. ಈ ಒಂದನ್ನು ಹಾಗೆ ತಳ್ಳಲಾಗದಂತೆ ಬೀಗದ ಗುರುತು ಒತ್ತಿಟ್ಟೆ.

ಇನ್ನೊಂದು ಅಡ್ಡಿ ಇತ್ತು. ರಾತ್ರಿ ಮಲಗುವಾಗ ಅವರು ಫೋನನ್ನು ಪೂರ್ತಿ ಆಫ್ ಮಾಡುತ್ತಾರೆ, ಬೆಳಿಗ್ಗೆ ಪೂಜೆಯಾದ ಮೇಲೆ ಆನ್. ಸೆನ್ಸರಿನ ಮೊತ್ತ ಫೋನು ಆನ್ ಆದಾಗಿನಿಂದ ಮಾತ್ರ, ಆಫ್ ಮಾಡಿದರೆ ಮತ್ತೆ ಸೊನ್ನೆಯಿಂದ. ಎದ್ದು ಸ್ನಾನ, ರಂಗೋಲಿ, ಹುಗ್ಗಿ, ದೇವರಮನೆ ಎಂದು ಓಡಾಡಿದ್ದೆಲ್ಲ ಲೆಕ್ಕದ ಹೊರಗೆ. ಆಫ್ ಮಾಡಬೇಡಿ, ಸೈಲೆಂಟ್ ಮಾಡಿ ಮಲಗಿ ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದ್ದಾರೆ.

ಡಿಸೆಂಬರ್ 19, ಗುರುವಾರ

ಗುರುವಾರವಾದ್ದರಿಂದ ರಾಮನಾಥೇಶ್ವರನ ಗುಡಿಯಲ್ಲಿ ಜನ ಹೆಚ್ಚು. ಈ ಸುತ್ತಿನ ನವಗ್ರಹ ಕ್ಷೇತ್ರಗಳಲ್ಲಿ ಪೋರೂರಿನದು ಗುರುವಿಗೆ, ಕೊಳಪಾಕ್ಕಂ ಸೂರ್ಯನಿಗೆ, ಗೆರುಗಂಬಾಕ್ಕಂ ಕೇತುವಿಗೆ, ಕೋವೂರು ಬುಧನಿಗೆ. ಶಿವನ ಗುಡಿಯಾದರೂ ಇಲ್ಲಿ ವಿಷ್ಣುವಿನ ಗುಡಿಯ ಹಾಗೆ ತೀರ್ಥ ಕೊಟ್ಟು ಶಠಾರಿ ಇಡುತ್ತಾರೆ. ಅತ್ತೆಗೆ ಅದೊಂದು ಸಂತೋಷ.

ಪ್ರದಕ್ಷಿಣೆ ಹಾಕಿಯೇ ಹಾಕಿದರು. ನಾನು ಕಂಬಕ್ಕೆ ಒರಗಿ ಕೂತು ಅವರನ್ನೇ ನೋಡುತ್ತಿದ್ದೆ. ಹೊರಗೆ ಬಂದು ನೋಡಿದರೆ ಅಷ್ಟು ಸುತ್ತಿಗೆ ಅಂಕಿ ಅಲುಗಿದ್ದು ಏನೇನೂ ಅಲ್ಲ. ಒಪ್ಪಿಗೆ ಇದೆ, ಬ್ಯಾಟರಿ ನಿರ್ಬಂಧ ತೆಗೆದಾಗಿದೆ, ಫೋನು ರಾತ್ರಿಯಿಡೀ ಆನ್ ಇತ್ತು. ಹೆಗಲಿಗೆ ನೇತುಹಾಕಿದ ಬಟ್ಟೆ ಚೀಲದಲ್ಲೇ ಇತ್ತು.

“ದೇವರ ಸುತ್ತ ನಡೆದದ್ದು ಅದಕ್ಯಾಕೆ ಬೇಕು ಬಿಡಮ್ಮ” ಎಂದರು ಅತ್ತೆ. ಅವರ ಭಕ್ತಿಯ ಲೆಕ್ಕ ಫೋನಿಗೆ ಬೇಕಿಲ್ಲ, ಒಪ್ಪಿದೆ. ಕಾಲಿನ ಲೆಕ್ಕ ಡಾಕ್ಟರಿಗೆ ಬೇಕು.

ಡಿಸೆಂಬರ್ 22, ಭಾನುವಾರ

ಇವತ್ತು ತಾರಸಿಯ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದೆವು. ಪ್ರದಕ್ಷಿಣೆ ಎಣಿಸಲು ಅತ್ತೆ ಹುಣಸೆಬೀಜ ಇಟ್ಟುಕೊಳ್ಳುತ್ತಾರೆ. ಒಂದು ಸುತ್ತಾದರೆ ಒಂದು ಬೀಜ ಎಡಗೈಯಿಂದ ಬಲಗೈಗೆ. ನಮ್ಮ ತಾರಸಿಯ ಒಂದು ಸುತ್ತು ಅವರ ಕಾಲಳತೆಗೆ 60 ಹೆಜ್ಜೆ, ಬಾಯಿಬಿಟ್ಟು ಎಣಿಸಿ ಖಾತ್ರಿ ಮಾಡಿಕೊಂಡೆವು. ಹತ್ತು ಬೀಜ ಅಂದರೆ 600. ಫೋನು ಹೆಗಲ ಚೀಲದಲ್ಲಿದ್ದಾಗ ತೋರಿಸಿದ್ದು 388. ಕೈಯಲ್ಲಿ ಹಿಡಿದಾಗ 471. ಅವರ ಮಗನ ಪ್ಯಾಂಟಿನ ಜೇಬಿನಲ್ಲಿಟ್ಟು ಅವರನ್ನು ನಡೆಸಿದರೆ ಹೆಚ್ಚುಕಡಿಮೆ ಪೂರ್ತಿ.

“ಮೇಲಿಂದ ಉಪಗ್ರಹ ನೋಡ್ತಿರತ್ತೇನೋ?” ಎಂದು ಮಗನನ್ನು ಕೇಳಿದರು. ಇಲ್ಲ. ಹೆಜ್ಜೆಗೂ ಜಿಪಿಎಸ್‌ಗೂ ಸಂಬಂಧವಿಲ್ಲ, ಬಾಗಿಲು ಹಾಕಿಕೊಂಡು ನಡೆದರೂ ಎಣಿಕೆಯಾಗುತ್ತದೆ. ಫೋನಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಣುಕೊಂದು ಬಳುಕುವ ಎಳೆಗಳ ಮೇಲೆ ನಿಂತಿರುತ್ತದೆ. ಫೋನು ಅಲುಗಿದರೆ ಅದು ಜರುಗುತ್ತದೆ, ಎಷ್ಟು ಜರುಗಿತು ಎಂಬುದನ್ನು ವಿದ್ಯುತ್ತಿನ ವ್ಯತ್ಯಾಸದಿಂದ ಅಳೆಯುತ್ತಾರೆ. ಮೇಲೆ ಕೆಳಗೆ, ಎಡ ಬಲ, ಹಿಂದೆ ಮುಂದೆ, ಮೂರೂ ದಿಕ್ಕಿನಲ್ಲಿ. ಹಿಮ್ಮಡಿ ನೆಲ ಮುಟ್ಟಿದಾಗ ಮೈಯಲ್ಲಿ ಏಳುವ ಅದುರು ಒಂದೇ ಲಯದಲ್ಲಿ ಸಾಲಾಗಿ ಬಂದರೆ ನಡಿಗೆ ಎಂದು ಸೆನ್ಸರ್ ತಿಳಿಯುತ್ತದೆ. ಒಂದೆರಡು ಸಲ ಅಲುಗಿದ್ದನ್ನು ನಂಬುವುದಿಲ್ಲ. ಕೆಲವು ಹೆಜ್ಜೆ ಕಾದು, ಇದು ನಡಿಗೆಯೇ ಎಂದು ಖಾತ್ರಿಯಾದ ಮೇಲೆ ಒಟ್ಟಿಗೇ ಕೂಡಿಸುತ್ತದೆ. ಆಟೋದ ಕುಲುಕಾಟವನ್ನೆಲ್ಲ ಹೆಜ್ಜೆ ಎಂದುಕೊಳ್ಳದಿರಲಿ ಎಂದು ಈ ಎಚ್ಚರ.

ಇಷ್ಟು ತಿಳಿದಮೇಲೆ ಗುರುವಾರದ್ದು ಅರ್ಥವಾಯಿತು. ಬರಿಗಾಲು, ಮೆಲ್ಲನೆಯ ನಡೆ, ನೆಲಕ್ಕೆ ನೋವಾಗದ ಹಾಗೆ ಇಡುವ ಪಾದ. ದಕ್ಷಿಣಾಮೂರ್ತಿಯ ಮುಂದೆ ನಿಂತು ಕೈಮುಗಿ, ನಾಲ್ಕು ಹೆಜ್ಜೆ ಹಾಕಿ ದುರ್ಗೆಯ ಮುಂದೆ ನಿಲ್ಲು, ಚಂಡಿಕೇಶ್ವರನ ಹತ್ತಿರ ಮತ್ತೆ ನಿಲ್ಲು. ಪ್ರತಿ ಸಲ ಲಯ ಮುರಿಯುತ್ತದೆ, ಖಾತ್ರಿಯಾಗುವ ಮೊದಲೇ ನಿಂತುಬಿಟ್ಟರೆ ಆ ಹೆಜ್ಜೆಗಳು ಕಳೆದುಹೋಗುತ್ತವೆ. ಮೇಲಾಗಿ ಫೋನು ತೂಗಾಡುವ ಚೀಲದಲ್ಲಿ.

ಇದನ್ನೆಲ್ಲ ರೂಪಿಸಿದವರು ಜೇಬಿರುವ ಮೈಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಸೀರೆ ಉಡುವವರು ಫೋನನ್ನು ಎಲ್ಲಿಡಬೇಕು? ನಾನು ಸೊಂಟಪಟ್ಟಿ ತರಿಸುವ ಮಾತಾಡುವಷ್ಟರಲ್ಲಿ ಅತ್ತೆ ರವಿಕೆ ಕಣದ ಬಟ್ಟೆಯೊಂದನ್ನು ಹುಡುಕಿ ತೆಗೆದರು. ಅವರ ಅಜ್ಜಿ ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಗದ್ದೆ ತೋಟವೆಲ್ಲ ತಿರುಗುತ್ತಿದ್ದರಂತೆ. ಅದೇ ಅಳತೆಗೆ, ಎರಡು ಪದರ ಹಾಕಿ, ಬಾಯಿಗೆ ದಾರ ಪೋಣಿಸಿ, ಮಧ್ಯಾಹ್ನದೊಳಗೆ ಕೈಯಲ್ಲೇ ಹೊಲಿದು ಮುಗಿಸಿದರು. ನೆರಿಗೆಯ ಪಕ್ಕಕ್ಕೆ, ಸೊಂಟದ ಮೂಳೆಗೆ ಒತ್ತಿಕೊಳ್ಳುವಂತೆ ಸಿಕ್ಕಿಸಿ, ಬೀಜವನ್ನು ನಿಲ್ಲದೆ ನಡೆಯುತ್ತಲೇ ಸರಿಸಿದರೆ 600ಕ್ಕೆ 583. ಇದಕ್ಕಿಂತ ಹೆಚ್ಚು ಏನು ಬೇಕು!

ಡಿಸೆಂಬರ್ 28, ಶನಿವಾರ

ಹಾಸನದಿಂದ ನಾದಿನಿ ಮನೆಯವರು ಬಂದಿದ್ದಾರೆ. ಹೊರಗೆ ವಾಕಿಂಗ್ ಇಲ್ಲ. ಆದರೆ ಸಂಚಿ ಸೊಂಟದಲ್ಲೇ ಇತ್ತು. ಬಡಿಸಿ, ಬಟ್ಟೆ ಒಣಹಾಕಿ, ಮಕ್ಕಳ ಹಿಂದೆ ಓಡಾಡಿ ಸಂಜೆಗೆ ನೋಡಿದರೆ ವಾಕಿಂಗ್ ಹೋದ ದಿನಕ್ಕಿಂತ ಹೆಚ್ಚು. ಸ್ಟೌವಿನ ಪಕ್ಕದ ಕಟ್ಟೆಯ ಮೇಲೆ ಫೋನಿಟ್ಟು ದಿನವಿಡೀ ಓಡಾಡುವ ಎಷ್ಟು ಹೆಂಗಸರಿಗೆ ಅವರ ಫೋನು ನೀನು ನಡೆದೇ ಇಲ್ಲ ಎನ್ನುತ್ತಿದೆಯೋ. ಬೇಸರದ ವಿಷಯ ಇದು.

ಜನವರಿ 4, 2025, ಶನಿವಾರ

ಪೋರೂರಿನ ವೆಟ್‌ಲ್ಯಾಂಡ್ ಪಾರ್ಕಿಗೆ ಹೋಗಿದ್ದೆವು. ಹೋದ ವರ್ಷ ತೆರೆದದ್ದು. ಮೆಟ್ರೋ ಕೆಲಸ ನಡೆಯುವ ರಸ್ತೆಯಲ್ಲಿ ಅತ್ತೆಯನ್ನು ನಡೆಸುವುದಕ್ಕಿಂತ ಇಲ್ಲಿ ಎಷ್ಟೋ ನೆಮ್ಮದಿ.

ಆಪ್‌ನಲ್ಲಿ ಮೊದಲೇ 10,000 ಗುರಿ ಇಟ್ಟಿರುತ್ತಾರೆ. ಅದು ತಲುಪಲಿಲ್ಲವೆಂದು ಅತ್ತೆ ರಾತ್ರಿ ಊಟವಾದ ಮೇಲೂ ಹಜಾರದಲ್ಲಿ ಶತಪಥ ಹಾಕುತ್ತಿದ್ದುದನ್ನು ನೋಡಿ ಹೊಟ್ಟೆ ಚುರುಕ್ ಎಂದಿತ್ತು. ಮಂಡಿ ಹಿಡಿದುಕೊಂಡು ಹಾಗೆ ನಡೆಯಬೇಕಿಲ್ಲ. ಆ ಹತ್ತು ಸಾವಿರ ಯಾವ ವೈದ್ಯರು ಬರೆದುಕೊಟ್ಟದ್ದೂ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಸಾ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಎಣಿಕೆ ಯಂತ್ರವನ್ನು ಮಾರಿತು. ಮಾನ್ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಅಳತೆ ಎಂದು ಅದರ ಹೆಸರು. ಗುಂಡಗಿನ ಆ ಅಂಕಿ ಅಲ್ಲಿಂದ ಲೋಕವೆಲ್ಲ ಹಬ್ಬಿತು. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದವರು ವಯಸ್ಸಾದ ಹೆಂಗಸರೇ, ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಎದ್ದುಕಾಣುವಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಇನ್ನೂ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದನ್ನು ಅತ್ತೆಗೆ ನಿಧಾನವಾಗಿ ವಿವರಿಸಿ ಗುರಿಯನ್ನು 5,000ಕ್ಕೆ ಇಳಿಸಿದೆ. ಅವರ ಮುಖ ಸಡಿಲವಾಯಿತು.

ಪಾರ್ಕಿನ ಬೆಂಚಿನ ಮೇಲೆ ಕೂತಾಗ ಅವರಿಗೆ ಏಷಿಯಾಡ್ ಕಾಲನಿಯ ಕಥೆ ಹೇಳಿದೆ. ತಿರುಮಂಗಲಂ ಕಡೆಯ ಆ ಕಾಲನಿಯವರಿಗೆ ಡಾ. ವಿ. ಮೋಹನ್ ಅವರ ಮಧುಮೇಹ ಸಂಶೋಧನಾ ತಂಡ ನಡಿಗೆಯ ಬಗ್ಗೆ ತಿಳಿವಳಿಕೆ ಕೊಟ್ಟಿತ್ತು. ನಿವಾಸಿಗಳು ತಾವೇ ದುಡ್ಡು ಹಾಕಿ ಪಾರ್ಕು ಕಟ್ಟಿಕೊಂಡರು. ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ವ್ಯಾಯಾಮ ಮಾಡುವವರು ನೂರಕ್ಕೆ 14.2 ಇದ್ದದ್ದು 58.7ಕ್ಕೆ ಏರಿತು ಎಂದು ತಂಡ 2006ರಲ್ಲಿ ವರದಿ ಮಾಡಿತು. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಲೆಕ್ಕ ಕೊಟ್ಟ ಐಸಿಎಂಆರ್ ಅಧ್ಯಯನವನ್ನು ಮುನ್ನಡೆಸಿದ್ದೂ ಚೆನ್ನೈನ ಇದೇ ಸಂಸ್ಥೆ. ನಡೆಯಲು ಜಾಗ ಕೊಟ್ಟರೆ ಜನ ನಡೆಯುತ್ತಾರೆ, ಸೋಮಾರಿತನ ಎಂದು ಬೈದು ಪ್ರಯೋಜನವಿಲ್ಲ.

“ಪಾಟ್ಟಿ, ಇನ್ನಿಕ್ಕಿ ಎವ್ವಳವು?” ಅಜ್ಜಿ, ಇವತ್ತು ಎಷ್ಟಾಯಿತು ಎಂದು ಹಿಂದಿರುಗುವಾಗ ತಮಿಳಿನಲ್ಲಿ ನಮ್ಮ ವಾಚ್‌ಮನ್ ಕೇಳಿದರು. ಅತ್ತೆ ಸಂಚಿ ಬಿಚ್ಚಿ ಫೋನು ತೋರಿಸಿದರು.

ಜನವರಿ 11, ಶನಿವಾರ

ಡಾಕ್ಟರು ಹಾಳೆಯನ್ನು ಪೂರ್ತಿ ಓದಿದರು. ಡಿಸೆಂಬರ್ 22ರ ಹಿಂದಿನ ಅಂಕಿಗಳ ಪಕ್ಕದಲ್ಲಿ ‘ಚೀಲದಲ್ಲಿ, ನಂಬಬಾರದು’ ಎಂದು ನಾನು ಬರೆದಿದ್ದಕ್ಕೆ, ಹೀಗೆ ಬರೆದು ತಂದರೆ ನಮಗೂ ಅನುಕೂಲ ಎಂದರು. ಬೆಳಗಿನ ಸಕ್ಕರೆ ಸ್ವಲ್ಪ ಇಳಿದಿದೆ. ಮಾತ್ರೆ ಸದ್ಯಕ್ಕೆ ಇದ್ದಷ್ಟೇ, ಮೂರು ತಿಂಗಳ ಸರಾಸರಿ ಮಾರ್ಚಿನಲ್ಲಿ ನೋಡುತ್ತಾರೆ. ಊಟವಾದ ಮೇಲೆ ಹತ್ತು ನಿಮಿಷ ನಡೆಯಲೇಬೇಕು, ಅದನ್ನು ಹೆಜ್ಜೆಯಲ್ಲಿ ಅಳೆಯುವುದು ಬೇಡ, ಗಡಿಯಾರ ನೋಡಿದರೆ ಸಾಕು ಎಂದಿದ್ದಾರೆ.

ಸಂಕ್ರಾಂತಿ ಮುಗಿಸಿ ಅತ್ತೆ ಹಾಸನಕ್ಕೆ ಹೊರಡುತ್ತಾರೆ. ಅಲ್ಲಿ ಫೋನು ನೋಡಿಕೊಳ್ಳುವವರಿಗೆಂದು ಇವತ್ತು ಒಂದು ಚೀಟಿ ಬರೆದೆ: ಒಪ್ಪಿಗೆ ಎಲ್ಲಿದೆ, ಬ್ಯಾಟರಿ ಸೆಟ್ಟಿಂಗ್ ಎಲ್ಲಿದೆ, ಹುಣಸೆಬೀಜದ ಪರೀಕ್ಷೆ ಹೇಗೆ. ಆಂಡ್ರಾಯ್ಡ್ 11ರಿಂದ ಈಚೆಗೆ, ಕೆಲವು ತಿಂಗಳು ತೆರೆಯದೇ ಇಟ್ಟ ಆಪ್‌ನ ಅನುಮತಿಯನ್ನು ಫೋನು ತಾನೇ ವಾಪಸ್ ಪಡೆಯುತ್ತದೆ. ಆ ಆಯ್ಕೆಯನ್ನು ಈ ಆಪ್‌ಗೆ ಆಫ್ ಮಾಡಿದ್ದೇನೆ. ಹಳೇ ಸಂಚಿ ಒಗೆಯಲು ಹಾಕಿದಾಗ ಬೇಕಲ್ಲ ಎಂದು ಅತ್ತೆ ಇನ್ನೊಂದು ಹೊಲಿಯುತ್ತಿದ್ದಾರೆ. ನನಗೂ ಒಂದು ಕೇಳಿದ್ದೇನೆ.