ಗೋಗಿಯ ನೆಲದ ಉಸಿರು

ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನ ಆಕೃತಿಯನ್ನು ಕಣ್ತುಂಬ ನೋಡಿ ಗೋಗಿಗೆ ಬರುವ ಪ್ರವಾಸಿಗರು ಅರಸುವುದು ಚಂದಾ ಹುಸೇನಿಯವರ ದರ್ಗಾವನ್ನು. 1510ರಲ್ಲಿ ತೀರಿಕೊಂಡ ವಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನು ಈ ಸನ್ನಿಧಿಯಲ್ಲಿಯೇ ಮಣ್ಣಾದನು. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಮರ ಗೋರಿಗಳೂ ಇಲ್ಲಿವೆ. ಗೋಲಗುಂಬಜದ ಭವ್ಯತೆಯನ್ನು ನೆನೆದು ಬಂದವರಿಗೆ ನಿರಾಶೆಯಾದರೆ ಆಶ್ಚರ್ಯವಿಲ್ಲ. ಆದರೆ ಗೋಗಿಯ ಇತಿಹಾಸವೆಲ್ಲ ಗೋರಿಗಳಲ್ಲಿಲ್ಲ. ಸುತ್ತಲಿನ ಹೊಲಗಳ ಮಣ್ಣೂ ತನ್ನದೊಂದು ಲೆಕ್ಕವನ್ನು ಬರೆದಿಟ್ಟಿದೆ.

ಮಣ್ಣು ಹಗಲಿರುಳೂ ಉಸಿರಾಡುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಹೊರಬಿಡುವ ಆ ಉಸಿರಿನಲ್ಲಿ ಭೂಮಿಯ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡು ಇರುತ್ತದೆ. ಅದು ಯಾವ ಬೆಳೆಯಿಂದ ಬಂದಿತೆಂಬುದನ್ನು ಹೇಳಬಲ್ಲವು ಐಸೊಟೋಪುಗಳು, ಎಂದರೆ ಒಂದೇ ಮೂಲವಸ್ತುವಿನ, ತೂಕದಲ್ಲಿ ಮಾತ್ರ ಭಿನ್ನವಾದ ಒಡಹುಟ್ಟುಗಳು. ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಭಾರವಾದ ಇಂಗಾಲ-13. ಜೋಳವು ಇದನ್ನು ತೊಗರಿ, ಹತ್ತಿ, ಭತ್ತಗಳಿಗಿಂತ ಕೊಂಚ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ತಲೆಮಾರುಗಳಿಂದ ಜೋಳ ಬೆಳೆದ ಹೊಲದಲ್ಲಿ ಭತ್ತ ನೆಟ್ಟರೂ, ವರ್ಷಗಟ್ಟಲೆ ಮಣ್ಣಿನ ಉಸಿರಿನಲ್ಲಿ ಜೋಳದ ಗುರುತು ಉಳಿದಿರುತ್ತದೆ. ಹಳೆಯ ಸಾರವೆಷ್ಟು ಕರಗಿತೆಂದು ಅದರಿಂದ ಲೆಕ್ಕ ಹಾಕಬಹುದು.

ಶಹಾಪುರ, ಸುರಪುರದ ಸೀಮೆಗೆ ಇದು ಬರಿಯ ಕುತೂಹಲದ ಮಾತಲ್ಲ. ನಾರಾಯಣಪುರದ ಕಾಲುವೆ ಬಂದ ಮೇಲೆ ಎಷ್ಟೋ ಹೊಲಗಳು ಗದ್ದೆಗಳಾದವು. ನಿಂತ ನೀರಿನಡಿಯ, ಗಾಳಿಯಾಡದ ಕೆಸರಿನಲ್ಲಿ ಮೀಥೇನು ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಪ್ರಬಲ. ಹಾಗೆಂದು ಬರವನ್ನು ಕಂಡ ರೈತನಿಗೆ, ಅನ್ನ ಬಿಟ್ಟು ರೊಟ್ಟಿಗೆ ಮರಳಪ್ಪಾ ಎಂದು ಹೇಳುವ ಧೈರ್ಯ ಯಾರಿಗಿದೆ? ನಡುನಡುವೆ ಗದ್ದೆಯ ನೀರನ್ನು ಬಸಿದು ಕೆಲದಿನ ಒಣಗಬಿಟ್ಟರೆ ಮೀಥೇನು ತಗ್ಗುತ್ತದೆ. ಎಷ್ಟು ತಗ್ಗಿತೆಂಬುದನ್ನು ಅಳೆಯುವುದು ಹೇಗೆ?

ಅದಕ್ಕೂ ಒಂದು ಸಹಜ ಸಾಕ್ಷಿಯಿದೆ. ಮಣ್ಣಿನಲ್ಲಿ ಎಲ್ಲೆಡೆಯೂ ಲೇಶಮಾತ್ರವಾಗಿರುವ ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗಿ, ಅದು ರೇಡಾನ್ ಎಂಬ ಅನಿಲವಾಗಿ ಮೇಲೇರುತ್ತದೆ. ಯಾವುದರೊಡನೆಯೂ ಬೆರೆತು ಮಾರ್ಪಡದ ಈ ಸಂನ್ಯಾಸಿ 3.8 ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಗಾಳಿಯಲುಗದ ಇರುಳಿನಲ್ಲಿ ರೇಡಾನೂ ಮೀಥೇನೂ ನೆಲದ ಮೇಲೆ ಒಟ್ಟಾಗಿ ಮಡುಗಟ್ಟುತ್ತವೆ. ರೇಡಾನಿನ ಹರಿವು ತಿಳಿದಿದ್ದರೆ, ಎರಡರ ಏರಿಕೆಯನ್ನು ಹೋಲಿಸಿ ಮೀಥೇನಿನ ಹರಿವನ್ನು ಕಂಡುಕೊಳ್ಳಬಹುದು.

ಗೋಗಿಯ ತೊಡಕು ಇಲ್ಲಿಯೇ ಇದೆ. ಇಲ್ಲಿಯ ಸುಣ್ಣಕಲ್ಲು, ಗ್ರಾನೈಟುಗಳ ಬಿರುಕುಗಳಲ್ಲಿ ಯುರೇನಿಯಂ ಅದಿರೇ ಅಡಗಿದೆ. ಬೇರೆ ಊರುಗಳಲ್ಲಿ ಮೆಲುದನಿಯಲ್ಲಿ ನುಡಿಯುವ ಸಾಕ್ಷಿ ಇಲ್ಲಿ ಒಂದು ಹೊಲದಿಂದ ಇನ್ನೊಂದಕ್ಕೆ ದನಿ ಬದಲಿಸೀತು. ಗದ್ದೆಯ ಉಸಿರನ್ನು ಅಳೆಯಹೊರಟವರು ಮೊದಲು ಹೊಲಹೊಲಕ್ಕೂ ಹೋಗಿ ರೇಡಾನನ್ನೇ ಅಳೆಯಬೇಕಾಗುತ್ತದೆ.