ಉಪ್ಪು ಎತ್ತ, ನೀರು ಅತ್ತ



ಅಭಿಸರಣ ಕಲಿಸುವಾಗ ನೀವೂ ಸೌತೆಕಾಯಿ ಹೋಳಿನ ಮೇಲೆ ಉಪ್ಪು ಉದುರಿಸಿ ತೋರಿಸಿರಬಹುದು. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ಹೋಳು ಮೆತ್ತಗಾಗುತ್ತದೆ. ಶಾಲೆಗಳಿಗೆ ಹೋದಾಗಲೆಲ್ಲ ನಾನೂ ಇದನ್ನೇ ಮಾಡುತ್ತಿದ್ದೆ. ಉಪ್ಪಿನಕಾಯಿ ಜಾಡಿಯ ಉದಾಹರಣೆ ಕೊಟ್ಟು, ಕೊನೆಗೆ ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತಿದ್ದೆ: 'ಉಪ್ಪು ಜೀವಕೋಶದಿಂದ ನೀರನ್ನು ಹೊರಗೆಳೆಯುತ್ತದೆ.' ಮಕ್ಕಳು ಬರೆದುಕೊಳ್ಳುತ್ತಿದ್ದರು. ಪಾಠ ಮುಗಿಯುತ್ತಿತ್ತು.

ಒಂದು ಮಳೆಗಾಲ ಹಳ್ಳಿಯ ಶಾಲೆಯೊಂದಕ್ಕೆ ಎರಡನೇ ಸಲ ಹೋಗಿದ್ದೆ. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನನ್ನ ತಮ್ಮನಿಗೆ ವಾಂತಿಭೇದಿ ಆಗಿತ್ತು. ಆಶಾ ಅಕ್ಕ ಓಆರ್‌ಎಸ್ ಪೊಟ್ಟಣ ತಂದಳು. ಅದರಲ್ಲಿ ಉಪ್ಪಿದೆ, ಮೈಯ ನೀರೆಲ್ಲ ಹೋಗುತ್ತೆ, ಕುಡಿಸಬೇಡ ಅಂತ ಅವ್ವನಿಗೆ ಹೇಳಿದೆ. ಅಕ್ಕ ಬೈದು ಕುಡಿಸಿದಳು. ತಮ್ಮ ಆರಾಮಾದ. ನೀವು ಹೇಳಿದ್ದು ತಪ್ಪಾ ಸರ್?"

ನನ್ನ ಎದೆ ಧಸಕ್ಕೆಂದಿತು. ಆಶಾ ಕಾರ್ಯಕರ್ತೆ ಆ ದಿನ ಬಾರದೇ ಇದ್ದಿದ್ದರೆ? ಉತ್ತರ ನಾನು ಎಂಎಸ್ಸಿಯಲ್ಲಿ ಓದಿದ್ದೇ ಆಗಿತ್ತು. ಆದರೆ ಆ ಓದನ್ನು ಸೌತೆಕಾಯಿಯ ಪಾಠಕ್ಕೆ ಎಂದೂ ಜೋಡಿಸಿರಲಿಲ್ಲ.

ನಾನು ಬಿಟ್ಟಿದ್ದು ಏನು ಗೊತ್ತೇ? ಜೀವಕೋಶದ ಪೊರೆ ಬರೀ ಸೋಸುವ ಬಟ್ಟೆಯಲ್ಲ. ಅದರಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ನಮ್ಮ ಸಣ್ಣ ಕರುಳಿನ ಒಳಗೋಡೆಯ ಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ಇಬ್ಬರನ್ನೂ ಒಳಗೆ ಬಿಡುತ್ತದೆ. 1960ರಲ್ಲಿ ಇದನ್ನು ಸೂಚಿಸಿದವರು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ. ಕಾಲರಾದಲ್ಲಿ ಕರುಳಿನ ಕೋಶಗಳು ನೀರು, ಲವಣಗಳನ್ನು ಹೊರಸುರಿಯುತ್ತಿದ್ದರೂ ಈ ಬಾಗಿಲು ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಸಕ್ಕರೆಯ ಕೈಹಿಡಿದು ಉಪ್ಪು ಕರುಳಿನಿಂದ ರಕ್ತದ ಕಡೆಗೆ ಸಾಗುತ್ತದೆ. ಉಪ್ಪು ಹೋದತ್ತ ನೀರೂ ಹೋಗುತ್ತದೆ.

ನೋಡಿ, ಉಪ್ಪು ನೀರನ್ನು ಎಳೆಯುತ್ತದೆ ಎಂಬುದು ಸುಳ್ಳಲ್ಲ. ಸೌತೆಕಾಯಿಯಲ್ಲಿ ಉಪ್ಪು ಕೋಶದ ಹೊರಗೆ ಉಳಿಯಿತು, ನೀರು ಹೊರಬಂತು. ಕರುಳಿನಲ್ಲಿ ಉಪ್ಪೇ ಒಳಗೆ ಹೋಯಿತು, ನೀರು ಹಿಂಬಾಲಿಸಿತು. 'ಯಾವ ಕಡೆಗೆ' ಎಂಬುದನ್ನು ನಾನು ಹೇಳಿರಲಿಲ್ಲ, ಅಷ್ಟೇ.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದಾಗ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನೊಬಿಸ್ ಅವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ರೋಗಿಗಳಿಗೆ ಕುಡಿಸತೊಡಗಿದರು. ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು.

ಆದರೆ ಹುಡುಗಿಯ ಭಯ ಪೂರ್ತಿ ತಪ್ಪೂ ಅಲ್ಲ. ಅಳತೆ ತಪ್ಪಿದರೆ ಸೌತೆಕಾಯಿಯ ಕಥೆಯೇ ಕರುಳಿನಲ್ಲೂ ನಡೆಯುತ್ತದೆ. ಇಂದಿನ ಓಆರ್‌ಎಸ್‌ನ ಒಂದು ಲೀಟರಿನಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ ಮಾತ್ರ. ಉಪ್ಪಾಗಲಿ ಸಕ್ಕರೆಯಾಗಲಿ ಅತಿಯಾದರೆ ದ್ರಾವಣ ಗಾಢವಾಗಿ, ಮೈಯಲ್ಲಿರುವ ನೀರನ್ನೇ ಕರುಳಿಗೆ ಎಳೆಯುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ ಇಡೀ ಪೊಟ್ಟಣ ಕಲಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಟೀ ಚಮಚ ಉಪ್ಪು. ಮಗು ಕುಡಿಯಲಾರದಷ್ಟು ನಿತ್ರಾಣವಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮರುವಾರ ಮತ್ತೆ ಆ ಶಾಲೆಗೆ ಹೋದೆ. ತಪ್ಪು ನಿನ್ನದಲ್ಲ, ಅರ್ಧ ಪಾಠ ಹೇಳಿದ ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಚಮಚ, ಲೀಟರ್ ಅಳತೆ ತರಿಸಿ ಅವಳ ಕೈಯಿಂದಲೇ ದ್ರಾವಣ ಮಾಡಿಸಿದೆ. ರುಚಿ ನೋಡಿ ಅವಳೆಂದಳು, "ಕಣ್ಣೀರಿಗಿಂತ ಉಪ್ಪಿಲ್ಲ ಸರ್."

ಈಗ ಸೌತೆಕಾಯಿ ತಟ್ಟೆಯ ಪಕ್ಕದಲ್ಲಿ ಒಂದು ಓಆರ್‌ಎಸ್ ಪೊಟ್ಟಣವನ್ನೂ ಇಡುತ್ತೇನೆ. ನೀವೂ ಇಡಿ.