ತಾತನ ಭಾನುವಾರ

ವಾರಕ್ಕೆ ಏಳು ದಿನಗಳೆಂಬುದು ಬಡವನಿಗೂ ಬಲ್ಲಿದನಿಗೂ ಸಮಾನವಾಗಿ ದೊರೆತಿರುವ ಸಂಪತ್ತು. ಆದರೆ ಆ ಏಳರಲ್ಲಿ ಭಾನುವಾರವೊಂದು ಮಾತ್ರ ಎಲ್ಲರಿಗೂ ಸಮಾನವಾದುದಲ್ಲ. ಆರು ದಿನ ದುಡಿದವನಿಗೆ ಅದು ಬಿಡುವಿನ ದಿನ. ದುಡಿಮೆಯಿಲ್ಲದೆ ಕುಳಿತವನಿಗೆ ಅದು ಶನಿವಾರದ ಮರುದಿನ, ಅಷ್ಟೆ. ಈ ಬಿಡುವು ದುಡಿಯುವವನಿಗೆ ತಾನಾಗಿ ಬಂದುದೂ ಅಲ್ಲ. ಮುಂಬಯಿಯ ಗಿರಣಿಗಳ ಕೂಲಿಕಾರರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ ಗಿರಣಿಗಳ ಒಡೆಯರು ವಾರಕ್ಕೊಂದು ದಿನದ ರಜವನ್ನು ಒಪ್ಪಿದರು. ಸ್ವತಂತ್ರ ಭಾರತದ 1948ರ ಕಾರ್ಖಾನೆಗಳ ಶಾಸನವು ಅದನ್ನು ಕಾರ್ಮಿಕನ ಹಕ್ಕನ್ನಾಗಿ ಬರೆದಿಟ್ಟಿತು. ದುಡಿಯುವವನಿಗೆ ಬಿಡುವು ಬೇಕೆಂಬುದನ್ನು ಹೀಗೆ ಶಾಸನಗಳು ಹೇಳಿವೆ. ಬಿಡುವಿನ ರುಚಿ ತಿಳಿಯಬೇಕಾದರೆ ದುಡಿಮೆ ಬೇಕೆಂಬುದನ್ನು ಮಾತ್ರ ಮನುಷ್ಯನು ಅನುಭವದಿಂದಲೇ ಕಲಿಯಬೇಕು. ಹಾಗೆ ಕಲಿತವರಲ್ಲಿ ತುಮಕೂರಿನ ಹಿರಿಯರೊಬ್ಬರು ಸೇರಿದ್ದಾರೆ.

ಅವರಿಗೆ ಈಗ ಎಪ್ಪತ್ತೊಂದು ವರ್ಷ. ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿ, ಮುಂದೆ ತುಮಕೂರಿನಲ್ಲಿಯೂ ಒಂದು ಕಾರ್ಖಾನೆಯನ್ನು ತೆರೆಯಿತಷ್ಟೆ. ಈ ಹಿರಿಯರು ಯೌವನದಲ್ಲಿ ಆ ಕಾರ್ಖಾನೆಯನ್ನು ಸೇರಿ, ಕೂದಲು ನರೆಯುವವರೆಗೂ ಅಲ್ಲಿಯೇ ದುಡಿದರು. ಕೇಂದ್ರ ಸರ್ಕಾರವು 2016ರಲ್ಲಿ ಸಂಸ್ಥೆಯ ಗಡಿಯಾರದ ವಿಭಾಗವನ್ನು ಮುಚ್ಚಲು ನಿಶ್ಚಯಿಸುವುದಕ್ಕೆ ಮೊದಲೇ ಅವರು ನಿವೃತ್ತರಾಗಿದ್ದರು. ಆದರೂ ಆ ಸುದ್ದಿ ಬಂದ ದಿನ ಮನೆಯಲ್ಲಿ ಊಟ ಮಾಡಲಿಲ್ಲವೆಂದು ನೆರೆಯವರು ಇಂದಿಗೂ ಹೇಳುತ್ತಾರೆ.

ಗಡಿಯಾರವನ್ನು ಹೊರಗಿನಿಂದ ನೋಡುವವರಿಗೆ ಅದರೊಳಗಿನ ಶ್ರಮವು ತಿಳಿಯುವುದಿಲ್ಲ. ಕೀಲಿ ಕೊಡುವ ಕೈಗಡಿಯಾರದಲ್ಲಿ ಸುತ್ತಿಟ್ಟ ಉಕ್ಕಿನ ಪಟ್ಟಿಯೊಂದು ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುತ್ತ ಚಕ್ರಗಳನ್ನು ನಡೆಯಿಸುತ್ತದೆ. ಆ ನಡೆಯು ಒಮ್ಮೆಲೆ ಓಡಿಹೋಗದಂತೆ ತೂಗುಚಕ್ರವೊಂದು ಅತ್ತಿತ್ತ ಆಡಿ, ಪ್ರತಿ ಆಟಕ್ಕೂ ಒಂದು ಹಲ್ಲಿನಷ್ಟು ಮಾತ್ರ ದಾರಿ ಬಿಡುತ್ತದೆ. ಹಳೆಯ ಮಾದರಿಯ ಗಡಿಯಾರದಲ್ಲಿ ಇಂಥ ಪೆಟ್ಟುಗಳು ಸೆಕೆಂಡಿಗೆ 5, ಗಂಟೆಗೆ 18,000, ಹಗಲಿರುಳು ಸೇರಿ 4,32,000. ದಿನಕ್ಕೆ 10 ಸೆಕೆಂಡು ಹೆಚ್ಚುಕಡಮೆಯಾಯಿತೆಂದರೆ, ತಪ್ಪಿದುದು 8,640ರಲ್ಲಿ ಒಂದು ಪಾಲು. ಫಲಕದ ಮೇಲೆ ಕಾಣುವ 17 ಕಲ್ಲುಗಳೆಂಬ ಮಾತು ಅಲಂಕಾರಕ್ಕಾಗಿ ಬರೆದುದಲ್ಲ. ಉಕ್ಕಿನ ಸಣ್ಣ ಅಚ್ಚು ಹಿತ್ತಾಳೆಯಲ್ಲಿ ತಿರುಗಿದರೆ ಬೇಗ ಸವೆದುಹೋಗುವುದೆಂದು, ಕೃತಕವಾಗಿ ತಯಾರಿಸಿದ ಮಾಣಿಕ್ಯದ ಚೂರುಗಳಲ್ಲಿ ರಂಧ್ರ ಕೊರೆದು ಅದನ್ನು ನಿಲ್ಲಿಸಿರುತ್ತಾರೆ. ಇಂಥ ಕೆಲಸದಲ್ಲಿ ಕೈಯೂ ಕಣ್ಣೂ ಒಂದಾಗಿ ನಡೆಯಬೇಕು. ಮೂವತ್ತು ವರ್ಷಕ್ಕೆ ಮೀರಿ ಹಾಗೆ ನಡೆದವರಿಗೆ ಕೆಲಸವು ದೇಹದ ಅಂಗವೇ ಆಗಿಬಿಡುವುದರಲ್ಲಿ ಆಶ್ಚರ್ಯವೇನು?

ನಿವೃತ್ತಿಯ ಮೇಲೆಯೂ ಅವರು ಮನೆಯ ಕಿಟಕಿಯ ಬಳಿ ಒಂದು ಮೇಜು ಹಾಕಿಕೊಂಡು ನೆರೆಹೊರೆಯವರ ಗಡಿಯಾರಗಳನ್ನು ಸರಿಪಡಿಸಿಕೊಡುತ್ತಿದ್ದರು. ಅನಂತರ ಎರಡು ಕಷ್ಟಗಳು ಒಂದರ ಬೆನ್ನಿಗೊಂದು ಬಂದವು. ಮೊದಲು ಪತ್ನಿ ತೀರಿಕೊಂಡರು. ಆ ದುಃಖವಿನ್ನೂ ಹಸಿಯಾಗಿರುವಾಗಲೇ ಕಣ್ಣುಗಳಲ್ಲಿ ಪೊರೆ ಬೆಳೆಯಿತು. ತಿರುಪಿನ ತಲೆಯ ಗೀರು ಕಾಣದಾಯಿತು. ಬಿಳಿಯ ಫಲಕವು ಹಳದಿಯಾಗಿ ತೋರಿತು. ಒಂದು ದಿನ ಪರಿಚಿತರ ಗಡಿಯಾರವನ್ನು ಬಿಚ್ಚಿ, ಮತ್ತೆ ಜೋಡಿಸಲಾರದೆ, ಬಿಡಿಭಾಗಗಳನ್ನು ಕಾಗದದಲ್ಲಿ ಕಟ್ಟಿ ಹಿಂದಿರುಗಿಸಿದರು. ಅಂದಿನಿಂದ ಮೇಜಿನ ಮೇಲೆ ಬಟ್ಟೆ ಮುಚ್ಚಿತು. ಮಗನು ಬಂದು, ಮನೆಗೆ ಬೀಗ ಹಾಕಿಸಿ, ತಂದೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದನು.

ಮಗನ ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಬೇರೊಂದು ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಸೊಸೆಯ ಆದರ, ಇಬ್ಬರು ಮೊಮ್ಮಕ್ಕಳು. ಇಷ್ಟಿದ್ದೂ ಅವರು ಸುಮಾರು ಮೂರು ವರ್ಷ ಆ ಮನೆಯಲ್ಲಿ ಅತಿಥಿಯಂತೆಯೂ ಇರಲಿಲ್ಲ, ಯಜಮಾನನಂತೆಯೂ ಇರಲಿಲ್ಲ. ಬೆಳಗ್ಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ದಾರಿಗೆ ಅಡ್ಡವಾದೇನೆಂದು ಗೋಡೆಯ ಪಕ್ಕಕ್ಕೆ ಸರಿದು ನಿಲ್ಲುವರು. ಸಂಜೆ ಎಲ್ಲರೂ ದಣಿದು ಬಂದಾಗ ಅವರಲ್ಲಿ ದಣಿವಿರುವುದಿಲ್ಲ. ದಿನದ ಸುದ್ದಿ ಹೇಳಲು ಅವರಲ್ಲಿ ಸುದ್ದಿಯೂ ಇರುವುದಿಲ್ಲ. ಮಕ್ಕಳು ಏನಾದರೂ ಕೇಳಿದರೆ ಎರಡು ಮಾತಿನಲ್ಲಿ ಮುಗಿಸುವರು. ಮುಪ್ಪಿನಲ್ಲಿ ಮನುಷ್ಯನನ್ನು ಬಾಧಿಸುವುದು ಹಸಿವೆಗಿಂತ ಹೆಚ್ಚಾಗಿ ತಾನು ಯಾರಿಗೂ ಬೇಕಾಗಿಲ್ಲವೆಂಬ ಶಂಕೆ. ಮಕ್ಕಳ ಪ್ರೀತಿಯು ಎಷ್ಟೇ ಧಾರಾಳವಾಗಿದ್ದರೂ ಅದೊಂದರಿಂದಲೇ ಆ ಶಂಕೆಯು ಹೋಗುವುದಿಲ್ಲ.

ಕಣ್ಣಿನ ಶಸ್ತ್ರಚಿಕಿತ್ಸೆಗೆ ಅವರು ಬಹುಕಾಲ ಒಪ್ಪಲಿಲ್ಲ. ಇದ್ದ ಅರೆಬೆಳಕೂ ಹೋದರೇನು ಗತಿ ಎಂಬ ಭಯವೊಂದು. ಈ ವಯಸ್ಸಿನಲ್ಲಿ ಕಣ್ಣಿದ್ದು ಆಗಬೇಕಾದುದೇನು ಎಂಬ ಬೇಸರವೊಂದು. ಕೊನೆಗೆ ಒಪ್ಪಿಸಿದವಳು ಸೊಸೆ. ಅವಳು ವಾದ ಮಾಡಲಿಲ್ಲ; ಆಸ್ಪತ್ರೆಗೆ ಹೋಗುವ ದಿನವನ್ನು ಗೊತ್ತುಮಾಡಿ, ತನ್ನ ಕಛೇರಿಗೆ ರಜ ಬರೆದು, "ಮಾವ, ನಾಳೆ ಬೆಳಗ್ಗೆ ಎಂಟಕ್ಕೆ ಹೊರಡೋಣ" ಎಂದಳು.

ಈ ಚಿಕಿತ್ಸೆಯ ಕಥೆಯೂ ಒಂದು ದೊಡ್ಡ ಕಥೆಯೇ. ಪೊರೆಗಟ್ಟಿದ ಮಸೂರವನ್ನು ಶಲಾಕೆಯಿಂದ ಪಕ್ಕಕ್ಕೆ ಸರಿಸುವ ಕ್ರಮವನ್ನು ಸುಶ್ರುತ ಸಂಹಿತೆಯು ಬಹಳ ಹಿಂದೆಯೇ ವರ್ಣಿಸಿದೆ. ಆದರೆ ಹೋದ ಮಸೂರದ ಸ್ಥಾನದಲ್ಲಿ ಬೇರೊಂದನ್ನು ಇಡಬಹುದೆಂಬುದು ತೀರ ಈಚಿನ ಮಾತು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಪಾರದರ್ಶಕ ಚೂರುಗಳು ಸಿಡಿದು ವೈಮಾನಿಕರ ಕಣ್ಣುಗಳಲ್ಲಿ ನೆಟ್ಟಾಗ, ಕಣ್ಣು ಆ ವಸ್ತುವನ್ನು ಸಹಿಸಿಕೊಂಡುದನ್ನು ಆಂಗ್ಲ ವೈದ್ಯ ಹೆರಾಲ್ಡ್ ರಿಡ್ಲಿಯವರು ಗಮನಿಸಿದರು. ಅದೇ ಬಗೆಯ ವಸ್ತುವಿನಿಂದ ಮಸೂರವನ್ನು ಮಾಡಿಸಿ 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ಕಣ್ಣಿನಲ್ಲಿ ಇಟ್ಟರು. ಯುದ್ಧದ ಗಾಯವೊಂದರಿಂದ ಹುಟ್ಟಿದ ಆ ಅರಿವು ಇಂದು ಊರೂರಿನ ಮುದುಕರಿಗೆ ದೃಷ್ಟಿಯನ್ನು ಕೊಡುತ್ತಿದೆ.

ಕೆಲವು ವಾರಗಳ ಅಂತರದಲ್ಲಿ ಅವರ ಎರಡು ಕಣ್ಣುಗಳಿಗೂ ಚಿಕಿತ್ಸೆ ನಡೆಯಿತು. ಕಟ್ಟು ಬಿಚ್ಚಿದ ಮೇಲೆ ಅವರನ್ನು ಮೊದಲು ಬೆರಗುಗೊಳಿಸಿದುದು ನೀಲಿಯ ಬಣ್ಣ. ಹಳದಿಯಾದ ಮಸೂರವು ನೀಲಿಯನ್ನು ತಡೆಯುತ್ತದೆ. ಅದು ಮೆಲ್ಲಮೆಲ್ಲನೆ ಆಗುವುದರಿಂದ, ಕಳೆದುಕೊಂಡವನಿಗೆ ಕಳೆದುದೇ ತಿಳಿಯುವುದಿಲ್ಲ. ಮೊಮ್ಮಗಳ ಶಾಲೆಯ ಲಂಗವು ಕಪ್ಪೆಂದು ತಿಳಿದಿದ್ದವರು ಅದು ನೀಲಿಯೆಂದು ಅಂದು ಕಂಡರು. ಮರುವಾರ, ಯಾರಿಗೂ ಹೇಳದೆ, ಪೆಟ್ಟಿಗೆಯ ತಳದಲ್ಲಿದ್ದ ಚಿಮಟವನ್ನೂ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನೂ ಹೊರತೆಗೆದರು.

ತುಮಕೂರಿನಲ್ಲಿ ಅವರ ಪರಿಚಯದ ತರುಣನೊಬ್ಬನಿಗೆ ಗಡಿಯಾರದ ಅಂಗಡಿಯುಂಟು. ಹಳೆಯ ಕೀಲಿಗಡಿಯಾರಗಳನ್ನು ಆಸೆಪಟ್ಟು ಕೂಡಿಡುವವರು ಈಚೆಗೆ ಹೆಚ್ಚಿದ್ದಾರೆ; ತಂದೆ ಕಟ್ಟುತ್ತಿದ್ದ ಗಡಿಯಾರವನ್ನು ನಡೆಯಿಸಿ ಕೊಡಿರೆಂದು ಬರುವ ಮಕ್ಕಳೂ ಇದ್ದಾರೆ. ಕೋಶವನ್ನು ಬದಲಾಯಿಸಲು ಬಲ್ಲವರು ಬೇಕಾದಷ್ಟು ಮಂದಿ. ತೂಗುಚಕ್ರದ ಅಚ್ಚನ್ನು ಬದಲಾಯಿಸಬಲ್ಲವರು ವಿರಳ. ಆ ತರುಣನು, "ಅಂಗಡಿಯಲ್ಲಿ ನಿಮಗೊಂದು ಮೇಜು ಇದೆ, ಬನ್ನಿ" ಎಂದು ಹೇಳಿ ಕಳುಹಿಸಿದನು.

ಮಗನಿಗೆ ಇದು ಹಿಡಿಸಲಿಲ್ಲ. ತಾನು ಸಂಪಾದಿಸುತ್ತಿರುವಾಗ ತಂದೆ ಅಂಗಡಿಯಲ್ಲಿ ಕುಳಿತರೆ ನೆಂಟರಿಷ್ಟರು ಏನೆಂದುಕೊಂಡಾರು ಎಂಬ ಅಳುಕು ಅವನದು. "ಅಪ್ಪ, ಇಲ್ಲಿ ನಿಮಗೆ ಏನು ಕಡಮೆಯಾಗಿದೆ?" ಎಂದು ಕೇಳಿದನು.

"ಏನೂ ಕಡಮೆಯಾಗಿಲ್ಲ ಕಣಪ್ಪ. ನಾನು ಮಾಡಬೇಕಾದುದೂ ಏನೂ ಇಲ್ಲ. ಅದೇ ಕಷ್ಟ."

ಮಗನು ಉತ್ತರ ಹೇಳದೆ ಎದ್ದುಹೋದನು. ಎರಡು ದಿನ ತಂದೆ ಮಕ್ಕಳಲ್ಲಿ ಮಾತು ನಡೆಯಲಿಲ್ಲ. ಮೂರನೆಯ ದಿನ ಅವನೇ ಬಂದು, ವಾರದ ದಿನಗಳಲ್ಲಿ ತುಮಕೂರು, ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಬೆಂಗಳೂರು ಎಂಬ ಒಡಂಬಡಿಕೆಗೆ ಒಪ್ಪಿದನು. ಹಳೆಯ ಮನೆಯ ಬೀಗವನ್ನು ತೆಗೆಯಲು ತಾನೇ ಜೊತೆಯಲ್ಲಿ ಹೋಗಿ, ಬಟ್ಟೆ ಮುಚ್ಚಿದ್ದ ಆ ಮೇಜಿನ ಧೂಳನ್ನು ತನ್ನ ಕೈಯಿಂದಲೇ ಒರಸಿದನು.

ಈಗ ಶನಿವಾರ ಬಂದರೆ ಆ ಮನೆಯಲ್ಲಿ ಕಾಯುವಿಕೆಯುಂಟು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು ಎಪ್ಪತ್ತು ಕಿಲೋಮೀಟರುಗಳ ರೈಲು ದಾರಿ. ಕ್ಯಾತ್ಸಂದ್ರ, ಹಿರೇಹಳ್ಳಿಗಳು ಕಳೆದು, ನಿಡವಂದದ ಬಳಿ ಶಿವಗಂಗೆಯ ಬೆಟ್ಟವು ಕಾಣುವಾಗ ಅವರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಡುತ್ತಾರೆ. ಪೊರೆ ಬಂದಿದ್ದ ಕಾಲದಲ್ಲಿ ಆ ಬೆಟ್ಟವು ಒಂದು ಮಸಕು ರಾಶಿಯಾಗಿತ್ತು; ಈಗ ಬಂಡೆಯ ಒಂದೊಂದು ಸೀಳೂ ಕಾಣುತ್ತದೆ. ಕೈಚೀಲದಲ್ಲಿ ತುಮಕೂರಿನ ಕಡೆಯ ತಟ್ಟೆ ಇಡ್ಲಿಯ ಪೊಟ್ಟಣವೊಂದು ಇದ್ದೇ ಇರುತ್ತದೆ. ಅದು ಬೆಂಗಳೂರಿನಲ್ಲಿ ದೊರೆಯದ ಪದಾರ್ಥವೇನೂ ಅಲ್ಲ. ಆದರೆ ತಾತ ತನ್ನ ಸಂಪಾದನೆಯಿಂದ ಕೊಂಡು ತಂದುದು ಎಂಬ ರುಚಿಯು ಬೇರೆಯದಕ್ಕೆ ಬರಲಾರದು.

ಭಾನುವಾರ ಬೆಳಗ್ಗೆ ಮೊದಲ ಕೆಲಸ ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವುದು. ಎಂಟು ದಿನ ನಡೆಯುವ ಆ ಹಳೆಯ ಗಡಿಯಾರಕ್ಕೆ ವಾರಕ್ಕೊಮ್ಮೆ ತಪ್ಪದೆ ಕೀಲಿ ಕೊಡಬೇಕು. ಆರು ವರ್ಷದ ಮೊಮ್ಮಗನು ಕುರ್ಚಿಯ ಮೇಲೆ ನಿಂತು, ತಾತನು ಬೆನ್ನಿಗೆ ಕೈಯಾನಿಸಿರಲು, ಎಣಿಸುತ್ತ ತಿರುಗಿಸುತ್ತಾನೆ. ಹತ್ತು ವರ್ಷದ ಮೊಮ್ಮಗಳಿಗೆ ಲೋಲಕದ ತಿರುಪು ಒಪ್ಪಿಸಲ್ಪಟ್ಟಿದೆ. ಬೇಸಗೆಯಲ್ಲಿ ಲೋಹದ ಕಂಬಿಯು ಹಿಗ್ಗುತ್ತದೆ. ಲೋಲಕ ಉದ್ದವಾದಷ್ಟೂ ಅದರ ತೂಗು ನಿಧಾನ. ಗಡಿಯಾರ ಹಿಂದೆ ಬೀಳುತ್ತದೆ. ಆಗ ತಿರುಪನ್ನು ತಿರುಗಿಸಿ ಗುಂಡನ್ನು ಕೂದಲೆಳೆಯಷ್ಟು ಮೇಲಕ್ಕೆ ತರಬೇಕು. ಇದನ್ನು ಅವಳು ಶಾಲೆಯ ಪಾಠಕ್ಕೆ ಮುಂಚೆಯೇ ತಾತನಿಂದ ಕಲಿತಳು. ಒಂದು ವಾರ ತಿರುಪನ್ನು ಹೆಚ್ಚಾಗಿ ತಿರುಗಿಸಿಬಿಟ್ಟು, ಮುಂದಿನ ಭಾನುವಾರದ ಹೊತ್ತಿಗೆ ಗಡಿಯಾರವು ಏಳು ನಿಮಿಷ ಮುಂದೆ ಓಡಿತ್ತು. ತಾತ ಗದರಿಸಲಿಲ್ಲ. "ಏಳು ದಿನಕ್ಕೆ ಏಳು ನಿಮಿಷವಾದರೆ ದಿನಕ್ಕೆ ಎಷ್ಟಮ್ಮ?" ಎಂದು ಲೆಕ್ಕಕ್ಕೆ ಹಚ್ಚಿದರು.

ಅಂಗಡಿಯ ಸುದ್ದಿಗಳೂ ಆ ದಿನ ಹೊರಬರುತ್ತವೆ. ಇಂಥ ಗಡಿಯಾರ ಬಂದಿತ್ತು, ಅದರಲ್ಲಿ ಇಂಥ ದೋಷವಿತ್ತು, ಹೀಗೆ ಸರಿಹೋಯಿತು ಎಂದು ಅವರು ಹೇಳುವಾಗ ಮಗನೂ ಪತ್ರಿಕೆಯನ್ನು ಕೆಳಗಿಟ್ಟು ಕೇಳುತ್ತಾನೆ. ಒಂದೇ ಸೂರಿನಡಿ ಏಳು ದಿನವೂ ಇದ್ದ ಮೂರು ವರ್ಷಗಳಲ್ಲಿ ನಡೆಯದಿದ್ದ ಮಾತುಕತೆಯು, ಐದು ದಿನ ದೂರವಿದ್ದು ಬರುವ ಈ ಎರಡು ದಿನಗಳಲ್ಲಿ ನಡೆಯುತ್ತದೆ. ಕುಟುಂಬದ ಸಾಮೀಪ್ಯವೆಂಬುದು ಗೋಡೆಗಳ ಸಾಮೀಪ್ಯವಲ್ಲ. ಒಬ್ಬರಿಗೊಬ್ಬರು ತರಬೇಕಾದುದು ಏನಾದರೂ ಕೈಯಲ್ಲಿರಬೇಕು. ಮುದುಕರನ್ನು ಕೆಲಸದಿಂದ ಬಿಡಿಸುವುದೇ ಅವರಿಗೆ ಸಲ್ಲಿಸುವ ಗೌರವವೆಂದು ತಿಳಿದಿರುವ ಮಕ್ಕಳು ಇದನ್ನು ಯೋಚಿಸಬೇಕು. ದುಡಿದೇ ತೀರಬೇಕಾದ ಬಡತನದಲ್ಲಿ ಸವೆಯುತ್ತಿರುವ ವೃದ್ಧರ ಸಂಗತಿ ಬೇರೆ. ಅವರಿಗೆ ವಿಶ್ರಾಂತಿಯೇ ಋಣಸಂದಾಯ. ಆದರೆ ಕೈಯಲ್ಲಿ ವಿದ್ಯೆಯಿದ್ದು, ಮನಸ್ಸಿನಲ್ಲಿ ಅಪೇಕ್ಷೆಯಿದ್ದು, ಮೈಯಲ್ಲಿ ತ್ರಾಣವಿರುವವರನ್ನು ಪ್ರೀತಿಯ ಹೆಸರಿನಿಂದ ಮೂಲೆಗೆ ಕೂರಿಸುವುದು ಪ್ರೀತಿಯಾಗಲಾರದು.

ಕೃತಜ್ಞತೆಯನ್ನು ಬಾಯಲ್ಲಿ ಹೇಳುವ ಅಭ್ಯಾಸ ಆ ಹಿರಿಯರಿಗಿಲ್ಲ. ಮೊದಲ ತಿಂಗಳ ಹಣದಲ್ಲಿ ಸೊಸೆಗೆ ನೀಲಿಯ ಸೀರೆಯೊಂದನ್ನು ತಂದು, "ಬಣ್ಣ ನಾನೇ ಆರಿಸಿದೆನಮ್ಮ" ಎಂದಷ್ಟೇ ಹೇಳಿದರು. ಎರಡು ಕಣ್ಣುಗಳಿಗೂ ವಾರಗಟ್ಟಲೆ ಹೊತ್ತುಹೊತ್ತಿಗೆ ಔಷಧಿಯ ಹನಿ ಹಾಕಿದ್ದವಳಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗಡಿಯ ತರುಣನಿಗೆ ಅವರು ಈಗ ತೂಗುಚಕ್ರದ ಕೆಲಸವನ್ನು ಕಲಿಸುತ್ತಿದ್ದಾರೆ. ತನ್ನ ಅಗತ್ಯವನ್ನು ತಾನೇ ಕಡಮೆ ಮಾಡಿಕೊಳ್ಳುವ ಈ ಪಾಠವನ್ನು ಅವರು ಸಂತೋಷದಿಂದಲೇ ಹೇಳಿಕೊಡುತ್ತಾರೆ.

ಈ ಸುಖವು ಶಾಶ್ವತವಲ್ಲವೆಂಬುದು ಅವರಿಗೆ ಚೆನ್ನಾಗಿ ತಿಳಿದಿದೆ. ಕಣ್ಣಿಗೆ ಹೊಸ ಮಸೂರ ಬಂದಿತು. ಕೈಗೆ ಹೊಸ ನರಗಳು ಬರಲಾರವು. ಆದುದರಿಂದ ಪ್ರತಿ ಸೋಮವಾರ ಅಂಗಡಿಯಲ್ಲಿ ಕುಳಿತೊಡನೆ, ಗಿರಾಕಿಯ ವಸ್ತುವನ್ನು ಮುಟ್ಟುವ ಮೊದಲು, ತಮ್ಮದೇ ಆದ ಹಳೆಯ ಗಡಿಯಾರದ ಅತ್ಯಂತ ಸಣ್ಣ ತಿರುಪೊಂದನ್ನು ತೆಗೆದು ಮತ್ತೆ ಕೂರಿಸುತ್ತಾರೆ. ಅದು ಎರಡು ಸೋಮವಾರ ಸತತವಾಗಿ ತಪ್ಪಿದರೆ ಮೇಜನ್ನು ತರುಣನಿಗೆ ಒಪ್ಪಿಸಿ ಬರುವುದೆಂದು ನಿಶ್ಚಯಿಸಿಕೊಂಡಿದ್ದಾರೆ. ಕಳೆದ ಮಳೆಗಾಲದಲ್ಲಿ ಒಂದು ಸೋಮವಾರ ತಪ್ಪಿತು. ಆ ವಾರವನ್ನು ಅವರು ಹೇಗೆ ಕಳೆದರೋ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೊಮ್ಮಗಳೊಬ್ಬಳಿಗೆ ಮಾತ್ರ ತಿಳಿದಿತ್ತು. ಮುಂದಿನ ಸೋಮವಾರ ಅವಳು ಶಾಲೆಗೆ ಹೋಗುವ ಮೊದಲು ದೂರವಾಣಿಯಲ್ಲಿ, "ತಾತ, ಕೂತಿತಾ?" ಎಂದು ಕೇಳಿದಳು. "ಕೂತಿತಮ್ಮ" ಎಂಬ ಉತ್ತರ ಬಂದಿತು.

ಸೋಮವಾರ ನಸುಕಿನಲ್ಲಿ ಅವರು ಹೊರಡುವಾಗ ಮಕ್ಕಳು ಇನ್ನೂ ಎದ್ದಿರುವುದಿಲ್ಲ. ಸೊಸೆಯು ಬುತ್ತಿಯನ್ನು ಕೈಚೀಲದಲ್ಲಿಟ್ಟು ಬಾಗಿಲವರೆಗೆ ಬರುತ್ತಾಳೆ. ಮೊದಮೊದಲು ಅವಳು, "ಜೋಪಾನ ಮಾವ, ಆಯಾಸ ಮಾಡಿಕೊಳ್ಳಬೇಡಿ" ಎನ್ನುತ್ತಿದ್ದಳು. ಈಗ ಆ ಮಾತನ್ನು ಬಿಟ್ಟಿದ್ದಾಳೆ. "ಶನಿವಾರ ಯಾವ ಗಾಡಿಗೆ ಬರುತ್ತೀರಿ, ಮಾವ?" ಎಂದು ಕೇಳುತ್ತಾಳೆ.